ಭಟ್ರ ಹೆಸರಿನ ‘ಟಿ’

ಬಹ್ರೈನಿನ ಮಾಹೂಝ್‌ನಲ್ಲಿ ನಮ್ಮ ಸೇವಾ ಕ್ಲಬ್ಬಿನ ಸಭೆಗಳು ನಡೆಯುತ್ತಿದ್ದ ಹಾಲ್ ಈಗ ಜಿಮ್ ಆಗಿದೆ. ಕಳೆದ ತಿಂಗಳು ಅದೇ ಕಟ್ಟಡದಲ್ಲಿರುವ ಹಲ್ಲಿನ ಡಾಕ್ಟರಲ್ಲಿಗೆ ಹೋಗಿದ್ದೆ. ವಸಡಿಗೆ ಚುಚ್ಚಿದ ಮದ್ದು ಹಿಡಿಯಲಿ, ಹತ್ತು ನಿಮಿಷ ಹೊರಗೆ ಕೂತಿರಿ ಎಂದರು. ನಾನು ಕೂರದೆ ಹಳೆಯ ಹಾಲಿನ ಬಾಗಿಲಿಗೆ ಹೋಗಿ ಇಣುಕಿದೆ. ವೇದಿಕೆ ಇದ್ದ ಜಾಗದಲ್ಲಿ ಓಡುವ ಯಂತ್ರಗಳ ಸಾಲು. ಅವುಗಳ ಮೇಲೆ ಐದಾರು ಮಂದಿ ಬೆವರು ಸುರಿಸುತ್ತ ಓಡುತ್ತಿದ್ದರು. ಯಾರೂ ಎಲ್ಲಿಗೂ ತಲುಪುತ್ತಿರಲಿಲ್ಲ. ನಮ್ಮ ಕಾಲದಲ್ಲೂ ಆ ವೇದಿಕೆಯ ಮೇಲೆ ಹೆಚ್ಚುಕಡಿಮೆ ಇದೇ ನಡೆಯುತ್ತಿದ್ದುದರಿಂದ ನನಗೆ ಅಂಥ ಆಘಾತವೇನೂ ಆಗಲಿಲ್ಲ. ಹಿಂತಿರುಗುವಾಗ ಮೇಲಿನ ಮಹಡಿಯ ಯಾವುದೋ ಮನೆಯಿಂದ ಇಂಗಿನ ಒಗ್ಗರಣೆಯ ಪರಿಮಳ ಮೆಟ್ಟಿಲಿಳಿದು ಬಂತು. ಅರ್ಧ ಮರಗಟ್ಟಿದ ಬಾಯಲ್ಲಿ ನೀರೂರಿತು. ಅದರ ಹಿಂದೆಯೇ, ನಾನು ಕಾರ್ಯದರ್ಶಿಯಾಗಿದ್ದ ಆ ಚಳಿಗಾಲವೂ ಬಂತು.

ಚಳಿಗಾಲವೆಂದರೆ ಬಹ್ರೈನಿನ ಚಳಿಗಾಲ. ನವೆಂಬರಿನ ಒಂದು ದಿನ ಏಸಿ ಆರಿಸಿದರೂ ಮನುಷ್ಯ ಬದುಕುತ್ತಾನೆ ಎಂದು ಗೊತ್ತಾಗುತ್ತದೆ. ಆ ಕ್ಷಣವೇ ಎಲ್ಲ ಸಂಘಸಂಸ್ಥೆಗಳೂ ಎಚ್ಚೆತ್ತುಕೊಂಡು ಕಾರ್ಯಕ್ರಮ ಹಾಕುತ್ತವೆ. ಅಲ್ಲಿಂದ ಮಾರ್ಚ್ ತನಕ ಯಾವ ಶುಕ್ರವಾರವೂ ಖಾಲಿ ಸಿಗುವುದಿಲ್ಲ. ಒಂದೇ ಶಾಲನ್ನು ನಾಲ್ಕು ವೇದಿಕೆಗಳಲ್ಲಿ ನಾಲ್ಕು ಜನ ಹೊದ್ದುಕೊಂಡ ದಾಖಲೆ ಕೂಡ ಇದೆ. ನಾನು ಆಗ ಹಿದ್ ಬಂದರಿನ ಒಂದು ಕಂಪೆನಿಯಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುತ್ತಿದ್ದೆ. ನನ್ನ ಕೈಬರಹ ಚೆನ್ನಾಗಿದೆ ಎಂಬ ಕಾರಣಕ್ಕೆ, ಯಾರೂ ಕೈಯಲ್ಲಿ ಬರೆಯದ ಕಾಲದಲ್ಲಿ, ನನ್ನನ್ನು ಕಾರ್ಯದರ್ಶಿ ಮಾಡಿದ್ದರು.

ಅಧ್ಯಕ್ಷರು ಮಂಗಳೂರಿನ ಸಲ್ದಾನ, ಒಂದು ಆಸ್ಪತ್ರೆಯ ಆಫೀಸಿನಲ್ಲಿ ದೊಡ್ಡ ಹುದ್ದೆ, ಮಾತು ಕಡಿಮೆ. ಉಪಾಧ್ಯಕ್ಷರು ರಾಯರು. ಉಡುಪಿ ಕಡೆಯವರು, ಸಿವಿಲ್ ಎಂಜಿನಿಯರ್, ಮಾತಿನ ವಿಷಯದಲ್ಲಿ ಸಲ್ದಾನರ ಕೊರತೆಯನ್ನು ತುಂಬಿಕೊಡುತ್ತಿದ್ದರು. ಆ ವರ್ಷ ರಾಯರಿಗೆ ಎರಡು ಗುರಿಗಳಿದ್ದವು. ಮುಂದಿನ ವರ್ಷ ಅಧ್ಯಕ್ಷರಾಗುವುದು ಒಂದು. ಮಗಳ ಮಗನ ಉಪನಯನವನ್ನು ಬಹ್ರೈನಿನಲ್ಲೇ, ಊರನ್ನು ನಾಚಿಸುವಂತೆ ಮಾಡುವುದು ಇನ್ನೊಂದು. ಎರಡಕ್ಕೂ ಅವರು ನೆಚ್ಚಿಕೊಂಡದ್ದು ಒಬ್ಬರೇ ಮನುಷ್ಯರನ್ನು. ಅಡುಗೆಯ ಭಟ್ರನ್ನು.

ಭಟ್ರು ಬುಸೈತೀನ್‌ನಲ್ಲಿ ಸಣ್ಣದೊಂದು ಅಡುಗೆಮನೆ ಇಟ್ಟುಕೊಂಡು ನಮ್ಮ ಸಮಸ್ತ ಸಮಾರಂಭಗಳಿಗೆ ಊಟ ಒದಗಿಸುತ್ತಿದ್ದರು. ಅವರ ರಶೀದಿಯಲ್ಲಿ ‘ಬಾಬು ಟಿ.’ ಎಂದಿರುತ್ತಿತ್ತು. ಅರವತ್ತರ ಹತ್ತಿರದ ಪ್ರಾಯ, ತೆಳ್ಳಗಿನ ದೇಹ, ಅಡುಗೆ ಮಾಡುವಾಗ ಬಿಳಿ ಮುಂಡು. ಅವರನ್ನು ಭಟ್ರೇ ಎಂದು ಮೊದಲು ಕರೆದವರು ಯಾರೆಂದು ಯಾರಿಗೂ ನೆನಪಿಲ್ಲ. ಆದರೆ ಸಾಕ್ಷ್ಯಾಧಾರಗಳು ಬಲವಾಗಿದ್ದವು: ಉಡುಪಿ ಕಡೆಯವರು, ಈರುಳ್ಳಿ ಹಾಕದೆ ಸಾರು ಮಾಡಬಲ್ಲವರು, ಮುಂಡು ಉಡುವವರು. ಇಷ್ಟರ ಮೇಲೆ ನಮ್ಮ ಕಡೆ ಯಾವ ನ್ಯಾಯಾಲಯವೂ ಬೇರೆ ತೀರ್ಪು ಕೊಡುವುದಿಲ್ಲ. ‘ಟಿ’ ಎಂದರೆ ತಂತ್ರಿ ಎಂದು ಸಂಶೋಧನೆ ಮಾಡಿದವರು ರಾಯರೇ. “ತಂತ್ರಿಗಳದ್ದು ದೊಡ್ಡ ಮನೆತನ ಮಾರಾಯ್ರೇ. ಅದರ ಒಂದು ಕವಲು ನಮ್ಮ ಊರಿನ ಹತ್ತಿರ ಕೂಡ ಉಂಟು. ಇವ್ರ ಮುಖದಲ್ಲೇ ಆ ಕಳೆ ಕಾಣ್ತದಲ್ಲ!” ಎನ್ನುತ್ತಿದ್ದರು. ನಮಗೂ ಕಾಣತೊಡಗಿತು. ಭಟ್ರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ನವೆಂಬರಿನ ಕೊನೆಗೆ ಮೇಲಿನವರಿಂದ ಸುತ್ತೋಲೆ ಬಂತು. ನಮ್ಮದು ಅಂತಾರಾಷ್ಟ್ರೀಯ ಸಂಸ್ಥೆಯ ಒಂದು ಸಣ್ಣ ಶಾಖೆ. ಯಾವ ತಿಂಗಳು ಏನನ್ನು ಗೌರವಿಸಬೇಕೆಂದು ಬಹಳ ದೂರದಲ್ಲಿ ಯಾರೋ ನಿರ್ಧರಿಸುತ್ತಾರೆ. ಅಕ್ಟೋಬರಿನಲ್ಲಿ ಕಣ್ಣು, ನವೆಂಬರಿನಲ್ಲಿ ಸಕ್ಕರೆ ಕಾಯಿಲೆ. ಜನವರಿಯಲ್ಲಿ ‘ನಾಗರಿಕ ಹಕ್ಕುಗಳ ಚರಿತ್ರೆಗೆ ಗೌರವ’. ಸುತ್ತೋಲೆ ಇಂಗ್ಲಿಷಿನಲ್ಲಿತ್ತು. ‘ಸಿವಿಲ್’ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ರಾಯರು ನೆಟ್ಟಗೆ ಕೂತರು.

“ಇದಕ್ಕೆ ಹೊರಗಿನವ್ರು ಯಾಕೆ? ನಾನೇ ಮಾತಾಡ್ತೇನಲ್ಲ. ಮೂವತ್ತು ವರ್ಷದ ಸರ್ವಿಸ್.”

“ಅದು ನಿಮ್ಮ ಸಿವಿಲ್ ಅಲ್ಲ ರಾಯರೇ,” ಎಂದರು ಸಲ್ದಾನ. “ಇದರಲ್ಲಿ ಸಿಮೆಂಟ್ ಇಲ್ಲ.”

ಸಮಿತಿ ಗಂಭೀರವಾಗಿ ಚರ್ಚಿಸಿತು. ಯಾವ ದೇಶದ ಹಕ್ಕು, ಯಾವ ಕಾಲದ ಹಕ್ಕು ಎಂಬುದೇ ಪ್ರಶ್ನೆ. ಪರವೂರಿನಲ್ಲಿ ಬದುಕುವ ಜನ ನಾವು, ಎಡವಟ್ಟು ಬೇಡ. ಕೊನೆಗೆ ಜಾಗ ಆದಷ್ಟು ದೂರದ್ದಾಗಿರಲಿ, ಕಾಲ ಆದಷ್ಟು ಹಳೆಯದಾಗಿರಲಿ ಎಂಬ ಸೂತ್ರಕ್ಕೆ ಬಂದೆವು. ನಾನು, ಕಾರ್ಯದರ್ಶಿ ಎಂಬವನು ಒಂದಾದರೂ ಮಾತಾಡಬೇಕಲ್ಲ ಎಂದು, “ನಮ್ಮ ಊರಲ್ಲೇ ಬಾವಿ, ಹೋಟ್ಲು, ಶಾಲೆಗೆ ಸೇರಿಸದೆ ಹೊರಗೆ ನಿಲ್ಲಿಸಿದ ಜನರ ಚರಿತ್ರೆ ಬೇಕಾದಷ್ಟು ಉಂಟು. ಅದನ್ನು ಕಂಡವ್ರು ಯಾರಾದ್ರೂ ಸಿಕ್ಕಿದ್ರೆ ಒಳ್ಳೇದಲ್ವಾ?” ಎಂದೆ.

“ವಿಷಯ ಒಳ್ಳೇದೇ,” ಎಂದರು ರಾಯರು. “ಆದ್ರೆ ಇಲ್ಲಿ ನಮ್ಮಲ್ಲಿ ಅಂಥವ್ರು ಯಾರೂ ಇಲ್ಲ.”

ಎಲ್ಲರೂ ಯೋಚಿಸಿ, ಇಲ್ಲ ಎಂದು ಒಪ್ಪಿದರು. ನಾನು ನಡಾವಳಿಯಲ್ಲಿ ಹಾಗೆಯೇ ಬರೆದುಕೊಂಡೆ. ಭಟ್ರು ಆಗ ರಾಯರ ತಟ್ಟೆಗೆ ಎರಡನೇ ಸಲ ಗೋಳಿಬಜೆ ಹಾಕುತ್ತಿದ್ದರು.

ಎರಡು ದಿನ ಕಳೆದು ಭಟ್ರ ಫೋನು. “ಸೆಕ್ರೆಟರಿಯವ್ರೇ, ಒಮ್ಮೆ ಅಡುಗೆಮನೆಗೆ ಬಂದು ಹೋಗ್ತೀರಾ? ಫೋನಿನಲ್ಲಿ ಆಗುವ ಮಾತಲ್ಲ.”

ಅವತ್ತು ಈ ದೇಶಕ್ಕೆ ವರ್ಷಕ್ಕೆರಡು ಸಲ ಬರುವ ಮಳೆಗಳಲ್ಲೊಂದು ಬಂದಿತ್ತು. ಅರ್ಧ ಗಂಟೆ ಸುರಿದದ್ದಕ್ಕೆ ಬುಸೈತೀನ್‌ನ ರಸ್ತೆಯೆಲ್ಲ ಕೆರೆ. ಟ್ಯಾಂಕರಿನವರು ಪೈಪು ಹಾಕಿ ನೀರು ಹೀರುತ್ತಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಕಾರ್ಯದರ್ಶಿಯ ಘನತೆಗೆ ತಕ್ಕಂತೆ ಅಡುಗೆಮನೆ ಹೊಕ್ಕೆ. ಭಟ್ರು ಒಬ್ಬರೇ ಇದ್ದರು, ತೊಗರಿಬೇಳೆ ಆರಿಸುತ್ತಿದ್ದರು. ಕಿಸೆಯಿಂದ ತಮ್ಮ ಸಿಪಿಆರ್ ಕಾರ್ಡು ತೆಗೆದು ನನ್ನೆದುರು ಇಟ್ಟರು. ಇಲ್ಲಿ ಉಸಿರಾಡುವವರೆಲ್ಲರ ಬಳಿಯೂ ಇರಬೇಕಾದ ಗುರುತಿನ ಚೀಟಿ ಅದು. ಅದರಲ್ಲಿ ಪೂರ್ತಿ ಹೆಸರಿತ್ತು: ಬಾಬು ತನಿಯ.

ತನಿಯ ಎಂಬ ಹೆಸರನ್ನು ಬಹ್ರೈನಿನ ಇಡೀ ಸರಕಾರ ಓದಿದರೂ ಏನೂ ತಿಳಿಯುವುದಿಲ್ಲ. ನಮ್ಮ ಕರಾವಳಿಯವನು ಒಮ್ಮೆ ಓದಿದರೆ ಸಾಕು. ಊರ ಹೊರಗಿನ ಕೇರಿ, ಮುಟ್ಟಬಾರದ ಬಾವಿ, ಅಂಗಳದಾಚೆ ನಿಂತು ಕೂಗುವ ದನಿ ಎಲ್ಲ ಆ ಮೂರಕ್ಷರದಲ್ಲಿ ಇವೆ.

“ಅಪ್ಪನ ಹೆಸ್ರು,” ಎಂದರು. “ನೀವು ಹುಡುಕ್ತಾ ಇದ್ದೀರಲ್ಲ, ಅಂಥವ್ರು. ನಾನೇ.”

ನನ್ನ ತಲೆಯಲ್ಲಿ ಮೊದಲು ಬಂದ ಯೋಚನೆಯನ್ನು ಬರೆಯದೆ ಬಿಡಬಹುದಿತ್ತು. ರಾಯರ ಜಾತಿಯೇ ನನ್ನದು. ಹನ್ನೆರಡು ವರ್ಷಗಳಿಂದ ನನ್ನ ತಂದೆಯ ಶ್ರಾದ್ಧದ ಅಡುಗೆ ಇದೇ ಒಲೆಯಿಂದ ಬರುತ್ತಿತ್ತು. ಅದು ನೆನಪಾಯಿತು. ನಾಗರಿಕ ಹಕ್ಕುಗಳು ಆಮೇಲೆ ನೆನಪಾದವು.

“ಈಗ ಇದೆಲ್ಲ ಯಾಕೆ ಭಟ್ರೇ,” ಎಂದೆ. ನಾಲಿಗೆಗೆ ಬೇರೆ ಹೆಸರು ಗೊತ್ತಿರಲಿಲ್ಲ. “ಸೀಸನ್ ಸುರುವಾಗಿದೆ. ಪೂಜೆಯ ಊಟ, ಉಪನಯನ ಎಲ್ಲ ನಿಮ್ಮದೇ. ಒಂದು ಭಾಷಣಕ್ಕೋಸ್ಕರ ಇದನ್ನೆಲ್ಲ ಕಳ್ಕೊಳ್ಳುವುದಾ? ಮಾರ್ಚ್ ಕಳೀಲಿ, ಮತ್ತೆ ನೋಡುವ.”

“ಮಾರ್ಚಿನ ಹೊತ್ತಿಗೆ ಹಕ್ಕಿನ ತಿಂಗಳು ಹೋಗಿರ್ತದೆ, ನಿಮ್ದು ಕಿಡ್ನಿ ತಿಂಗಳು ಬರ್ತದೆ,” ಎಂದು ನಕ್ಕರು. ಆಮೇಲೆ ಮಸಾಲೆ ಡಬ್ಬಿಗಳ ಹಿಂದಿನಿಂದ ಒಂದು ಸಣ್ಣ ಪೊಟ್ಟಣ ತೆಗೆದರು. ಒಳಗೆ ಹೊಸ ಜನಿವಾರ. “ರಾಯರು ಊರಿಂದ ತರಿಸಿದ್ದು. ಉಪನಯನದ ಅಡುಗೆಗೆ ನಿಲ್ಲುವಾಗ ಹೊಸತು ಹಾಕಿಕೊಳ್ಳಿ ಭಟ್ರೇ ಅಂತ ಪ್ರೀತಿಯಲ್ಲೇ ಕೊಟ್ಟದ್ದು. ನೋಡಿ, ಭಟ್ರೇ ಅಂತ ಕರೆದದ್ದು ಅವ್ರು. ಅದು ಅವ್ರ ಬಾಯಿ, ನನ್ನದೇನಿಲ್ಲ. ಇದನ್ನು ಹಾಕಿಕೊಳ್ಳುವವ ನಾನಲ್ವಾ? ಕರೆಸಿಕೊಂಡದ್ದಕ್ಕೆ ಅಪ್ಪ ಏನೂ ಹೇಳ್ತಿರ್ಲಿಲ್ಲ. ಇದನ್ನು ಹಾಕಿಕೊಂಡ್ರೆ ಹೇಳ್ತಿದ್ರು.”

“ಹಾಗಾದ್ರೆ ರಾಯರ ಹತ್ರ ಮಾತ್ರ ಗುಟ್ಟಾಗಿ ಹೇಳಿ.”

“ಗುಟ್ಟಾಗಿ ಹೇಳಿದ್ರೆ ಗುಟ್ಟಾಗಿಯೇ ಆರ್ಡರ್ ಹೋಗ್ತದೆ. ನಾಲ್ಕು ಜನರ ಎದುರು ಹೇಳಿದ್ರೆ, ಹೋಗುವುದಾದ್ರೂ ನಾಲ್ಕು ಜನರ ಎದುರು ಹೋಗ್ಲಿ.”

ನಾನು ಮನೆಗೆ ಬಂದು ಆಮಂತ್ರಣ ಪತ್ರಿಕೆ ಬರೆದೆ. ‘ಮುಖ್ಯ ಭಾಷಣ: ಶ್ರೀ ಬಾಬು ತನಿಯ’. ಯಾರೆಂದು ವಿವರಿಸಲಿಲ್ಲ. ಅದನ್ನು ನಾನು ಶಿಷ್ಟಾಚಾರವೆಂದು ಕರೆದುಕೊಂಡೆ. ಹೆಂಡತಿ ಶಾರದೆ ಬೇರೆ ಶಬ್ದ ಬಳಸಿದಳು. ಕರಡು ಓದಿದ ರಾಯರು ಕನ್ನಡಕ ಮೇಲೇರಿಸಿ, “ತನಿಯ! ಶಾಬಾಸ್. ಹೆಸ್ರು ನೋಡಿದ್ರೇ ಗೊತ್ತಾಗ್ತದೆ, ಸರಿಯಾದ ಜನರನ್ನೇ ಹಿಡಿದಿದ್ದೀರಿ. ಪ್ರೊಫೆಸರಾ?” ಎಂದರು.

“ಅನುಭವಸ್ಥರು,” ಎಂದೆ.

“ನಮ್ಮ ಭಟ್ರಿಗೆ ಹೇಳಿಬಿಡಿ, ಅವ್ರಿಗೆ ಒಳ್ಳೆ ಊಟ ಹಾಕ್ಬೇಕು. ಮೀನು-ಗೀನು ಬೇಕಾಗ್ತದೋ ಏನೋ, ಕೇಳಿ ನೋಡಿ.”

ಜನವರಿಯ ಆ ಶುಕ್ರವಾರ ವಾಯವ್ಯದ ಶಮಾಲ್ ಗಾಳಿ ಬೀಸುತ್ತಿತ್ತು. ಬ್ಯಾನರನ್ನು ಮೂರು ಸಲ ಕಟ್ಟಿದೆವು. ಸಂಜೆ ಆರಕ್ಕೆ ಹಾಲ್ ತುಂಬಿತು. ಹಬ್ಬಕ್ಕೆ ಬಂದಂತೆ ಜರಿ ಸೀರೆಗಳು, ಇಂಗ್ಲಿಷ್ ಮಾತಾಡುವ ಮಕ್ಕಳು, ಹಿಂದಿನ ಸಾಲಿನಲ್ಲಿ ಡ್ಯೂಟಿ ಮುಗಿಸಿ ಬಂದ ನರ್ಸುಗಳು. ರಾಯರು ಸೂಟು ಹಾಕಿಕೊಂಡು, ಹೂಗುಚ್ಛ ಹಿಡಿದು, ಬಾಗಿಲಲ್ಲಿ ಮುಖ್ಯ ಅತಿಥಿಗಾಗಿ ಕಾದು ನಿಂತರು. ಆರೂವರೆಯಾಯಿತು. ಯಾವ ಕಾರು ನಿಂತರೂ ರಾಯರು ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದರು, ಮತ್ತೆ ಹಿಂದೆ ಬರುತ್ತಿದ್ದರು. ನನಗೆ ಆಗಲೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಭಟ್ರು ಬಂದರು. ಊಟದ ಪಾತ್ರೆಗಳನ್ನೆಲ್ಲ ಜೋಡಿಸಿ, ಕೈ ಒರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

“ಚಾ ಈಗ ಬೇಡ ಭಟ್ರೇ,” ಎಂದರು ರಾಯರು. “ಗೆಸ್ಟ್ ಬಂದ ಮೇಲೆ ಕೊಡುವ.”

“ಗೆಸ್ಟ್ ಬಂದಾಗಿದೆ ರಾಯರೇ.”

“ಎಲ್ಲಿ?”

“ಇಲ್ಲೇ. ತನಿಯ ಅಂದ್ರೆ ನಾನು.”

ರಾಯರು ನನ್ನನ್ನು ನೋಡಿದರು. ನಾನು ಬ್ಯಾನರನ್ನು ನೋಡಿದೆ. ಸಲ್ದಾನ ಮೆಲ್ಲನೆ ಬಂದು, ರಾಯರ ಕೈಯಿಂದ ಹೂಗುಚ್ಛ ತೆಗೆದು, ಭಟ್ರ ಕೈಗೆ ಕೊಟ್ಟು, “ಬನ್ನಿ ಬಾಬಣ್ಣ, ತಡವಾಯ್ತು,” ಎಂದು ವೇದಿಕೆಗೆ ಕರೆದುಕೊಂಡು ಹೋದರು. ಆ ವರ್ಷ ಅಧ್ಯಕ್ಷರು ಮಾಡಿದ ಅತಿ ಉದ್ದದ ಭಾಷಣ ಅದು.

ಪ್ರಾರ್ಥನೆ, ಸ್ವಾಗತ, ದೀಪ ಎಲ್ಲ ಕ್ರಮಪ್ರಕಾರ ಆಯಿತು. ಸಭೆಗೆ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಬಾಬು ಮೈಕಿನ ಮುಂದೆ ನಿಂತರು. ಕಾಗದ ಇರಲಿಲ್ಲ.

“ನನ್ನ ಪೂರ್ತಿ ಹೆಸ್ರು ಬಾಬು ತನಿಯ. ಹೆಸ್ರು ಕೇಳಿದ ಕೂಡ್ಲೇ ನಿಮ್ಮಲ್ಲಿ ಕೆಲವ್ರಿಗೆ ಗೊತ್ತಾಗಿರ್ಬಹುದು. ಗೊತ್ತಾಗದ ಮಕ್ಕಳಿಗೆ ಮನೆಯಲ್ಲಿ ದೊಡ್ಡವ್ರು ಹೇಳ್ತಾರೆ. ನಮ್ಮ ಪೇಟೆಯಲ್ಲಿ ಒಂದು ಹೋಟ್ಲು ಇತ್ತು. ಎದುರಿಂದ ಬಂದವ್ರಿಗೆ ಗ್ಲಾಸಿನಲ್ಲಿ ಚಾ. ನಮಗೆ ಹಿತ್ತಿಲಲ್ಲಿ, ತೆಂಗಿನ ಗೆರಟೆಯಲ್ಲಿ. ಗೆರಟೆ ನಾವೇ ತಗೊಂಡು ಹೋಗ್ಬೇಕು, ಅವ್ರು ಮೇಲಿಂದ ಹೊಯ್ತಾರೆ. ಅಮ್ಮ ಆ ಹಿತ್ತಿಲು ಗುಡಿಸ್ತಾ ಇದ್ರು. ನಾನು ಸಣ್ಣವ, ಅಡುಗೆಮನೆಯ ಕಿಟಿಕಿಯ ಅಡಿಯಲ್ಲಿ ಕೂತ್ಕೊಳ್ತಿದ್ದೆ. ಒಳಗೆ ಕಾಣುವುದಿಲ್ಲ. ಶಬ್ದ ಕೇಳ್ತದೆ, ಪರಿಮಳ ಬರ್ತದೆ. ಸಾಸಿವೆ ಸಿಡಿದು ಎಷ್ಟು ಹೊತ್ತಿಗೆ ಕರಿಬೇವು ಬೀಳ್ತದೆ, ಬೇಳೆ ಕುದಿದ ಮೇಲೆ ಇಂಗಾ, ಮೊದಲೇ ಇಂಗಾ, ಎಲ್ಲ ಹೊರಗೆ ಕೂತೇ ಕಲ್ತದ್ದು. ಒಳಗೆ ಬಿಟ್ಟಿದ್ರೆ ಇಷ್ಟು ಗಮನ ಕೊಡ್ತಿರ್ಲಿಲ್ಲವೋ ಏನೋ.”

ಹಿಂದಿನ ಸಾಲಿನ ನರ್ಸೊಬ್ಬರು ನಕ್ಕು, ನಗಬಹುದೇ ಎಂದು ಅನುಮಾನವಾಗಿ ನಿಲ್ಲಿಸಿದರು.

“ನಗಿ ಸಿಸ್ಟರ್, ತೊಂದ್ರೆ ಇಲ್ಲ. ಒಂದು ದಿವಸ ಶಾಲೆಯ ಮಾಷ್ಟ್ರು ಅಪ್ಪನಿಗೆ ಹೇಳಿದ್ರಂತೆ, ಕಾನೂನು ಬಂದು ಎಷ್ಟೋ ವರ್ಷ ಆಯ್ತು, ನೀವು ಎದುರಿಂದಲೇ ಹೋಗ್ಬಹುದು ಅಂತ. ಅಪ್ಪ ಮತ್ತು ಮೂರು ಜನ ಹೋಗಿ ಬೆಂಚಿನಲ್ಲಿ ಕೂತ್ರು. ಹೋಟ್ಲಿನ ಯಜಮಾನ್ರು ಹಾಲಿಲ್ಲ ಅಂದ್ರು. ಮರುದಿವಸ ಹೋದ್ರು. ಸಕ್ಕರೆ ಇಲ್ಲ. ಮೂರನೇ ದಿವಸ ಹೋಟ್ಲೇ ಇಲ್ಲ, ಬಾಗಿಲಿಗೆ ಬೀಗ. ಇವ್ರು ದಿನಾ ಹೋಗಿ ಜಗಲಿಯಲ್ಲಿ ಕೂತು ಬರುವುದು. ಯಜಮಾನ್ರಿಗೂ ಸಂಸಾರ ಉಂಟಲ್ಲ, ಎಷ್ಟು ದಿವಸ ಮುಚ್ಚಿಡ್ತಾರೆ? ತೆರೆದ್ರು. ಗ್ಲಾಸಿನಲ್ಲಿ ಚಾ ಬಂತು. ಅಪ್ಪ ಕುಡಿದು ಹೇಳಿದ್ದು ಒಂದೇ ಮಾತು: ಹಿಂದೆ ಕೊಡ್ತಿದ್ದ ಚಾವೇ ಲಾಯ್ಕಿತ್ತು.”

ಈಗ ಇಡೀ ಸಭೆ ನಕ್ಕಿತು. ರಾಯರು ಕೂಡ, ಅಭ್ಯಾಸಬಲದಿಂದ.

“ಮರುದಿವಸ ಅಮ್ಮನ ಕೆಲಸ ಹೋಯ್ತು,” ಎಂದರು ಬಾಬು. ನಗು ನಿಂತಿತು. “ಅದನ್ನೂ ಹೇಳ್ಬೇಕು. ಇಲ್ಲಾಂದ್ರೆ ಚರಿತ್ರೆ ಅರ್ಧ ಆಗ್ತದೆ. ನಾನು ಬೊಂಬಾಯಿಗೆ ಹೋದೆ, ಅಲ್ಲಿಂದ ಇಲ್ಲಿಗೆ ಬಂದೆ. ಇಲ್ಲಿ ನೀವು ಭಟ್ರೇ ಅಂದ್ರಿ. ನಾನು ಅಲ್ಲ ಅಂತ ಹೇಳ್ಲಿಲ್ಲ. ಹೇಳಿದ್ರೆ ಏನಾಗ್ತದೆ ಅಂತ ಅಮ್ಮನನ್ನು ನೋಡಿ ಗೊತ್ತಿತ್ತು. ತಪ್ಪು ನಿಮ್ದಾ ನನ್ದಾ, ನನಗೆ ಗೊತ್ತಿಲ್ಲ. ಇವತ್ತು ಹೇಳಿದ್ದೇನೆ. ಊಟ ಆರ್ತಾ ಉಂಟು. ನಮಸ್ಕಾರ.”

ಚಪ್ಪಾಳೆ ಬಂತು. ಮೊದಲು ಹಿಂದಿನಿಂದ, ಆಮೇಲೆ ಮುಂದಿನಿಂದ. ವಂದನಾರ್ಪಣೆ ರಾಯರ ಪಾಲಿಗಿತ್ತು. ಅವರು ಎರಡು ದಿನ ಕೂತು, ಅಪರಿಚಿತ ಪ್ರೊಫೆಸರ್ ತನಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದು ತಂದದ್ದು. ಆ ಸ್ಥಿತಿಯಲ್ಲಿ ಹೊಸದಾಗಿ ಮಾತು ಹೊಳೆಯಲಿಲ್ಲ. ಕೈಯಲ್ಲಿದ್ದ ಕಾಗದವನ್ನೇ ಓದಿದರು. ಅದು ಬಹಳ ಒಳ್ಳೆಯ ಕಾಗದವಾಗಿತ್ತು. “ಇಂದಿನಿಂದ ಶ್ರೀ ತನಿಯರವರು ನಮ್ಮ ಕುಟುಂಬದ ಸದಸ್ಯರು. ಅವರ ಎಲೆ ಎಂದೆಂದಿಗೂ ನಮ್ಮ ಎಲೆಯ ಪಕ್ಕದಲ್ಲಿರುತ್ತದೆ,” ಎಂಬಲ್ಲಿ ಸ್ವತಃ ರಾಯರ ದನಿಯೇ ನಡುಗಿತು. ಕೇಳಿದವರು ಅದನ್ನು ಭಾವೋದ್ವೇಗವೆಂದು ತಿಳಿದರು. ಯಾರೋ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು, ಸಭೆ ಮುಗಿಯುವ ಮೊದಲೇ ವಾಟ್ಸಾಪ್‌ಗೆ ಹಾಕಿದರು.

ಊಟಕ್ಕೆ ನಿಂತಾಗ ಅನೇಕರಿಗೆ ಏಕಕಾಲದಲ್ಲಿ ಹೊಟ್ಟೆ ಸರಿ ಇಲ್ಲವೆಂದು ಗೊತ್ತಾಯಿತು. ಕೆಲವರಿಗೆ ಮಕ್ಕಳ ಪರೀಕ್ಷೆ ನೆನಪಾಯಿತು. ರಾಯರು ಬಾಳೆಹಣ್ಣು ತಿಂದು, ಗ್ಯಾಸ್ ಎಂದರು. ಉಳಿದವರು, ಅರ್ಧಕ್ಕಿಂತ ಹೆಚ್ಚೇ ಮಂದಿ, ಯಾವಾಗಿನಂತೆ ಉಂಡರು. ನರ್ಸುಗಳು ಡಬ್ಬಿಗಳಲ್ಲಿ ಮನೆಗೂ ತುಂಬಿಸಿಕೊಂಡರು. ನಾನು ಉಂಡೆ, ಎಲ್ಲರಿಗೂ ಕಾಣುವ ಜಾಗದಲ್ಲಿ ನಿಂತು. ಹೊರಡುವಾಗ ಬಾಬು ಆ ಜನಿವಾರದ ಪೊಟ್ಟಣವನ್ನು ಇದ್ದ ಹಾಗೇ ರಾಯರ ಕೈಗೆ ಹಿಂದೆ ಕೊಟ್ಟು, “ಉಪನಯನದ ಮಾಣಿಗೇ ಆಗ್ತದೆ ರಾಯರೇ,” ಎಂದದ್ದನ್ನು ನಾನು ಕಂಡೆ.

ಮುಂದಿನ ಮೂರು ವಾರ ವಾಟ್ಸಾಪಿನಲ್ಲಿ ಕೈ ಮುಗಿಯುವ ಚಿತ್ರಗಳೂ ಹೂಗಳೂ ಬಂದವು. ಮೇಲಿನವರು ಅತ್ಯುತ್ತಮ ಕಾರ್ಯಕ್ರಮವೆಂದು ಪ್ರಶಸ್ತಿಪತ್ರ ಕಳಿಸಿದರು. ಪೂಜೆಯ ಊಟದ ಆರ್ಡರುಗಳು ನಿಂತವು. ಯಾರೂ ರದ್ದು ಮಾಡಲಿಲ್ಲ, ಅಷ್ಟು ಕೆಟ್ಟವರು ನಮ್ಮಲ್ಲಿಲ್ಲ, ಮುಂದೂಡಿದರು. ಬಾಬುವಿಗೆ ಇಬ್ಬರು ಸಹಾಯಕ ಅಡುಗೆಯವರಿದ್ದರು, ಒಬ್ಬರನ್ನು ಮನಾಮದ ಒಂದು ಹೋಟೆಲಿಗೆ ಸೇರಿಸಬೇಕಾಯಿತು. ಸಲ್ದಾನರ ಕಡೆಯವರ ಊಟ, ನರ್ಸುಗಳ ಡಬ್ಬಿ ಮುಂದುವರಿದದ್ದರಿಂದ ಒಲೆ ಆರಲಿಲ್ಲ. ಮೊದಲಿಗೆ ಹೋಲಿಸಿದರೆ ಅದು ಅರ್ಧ ಒಲೆ.

ನನ್ನ ಮನೆಯ ವಿಷಯವನ್ನೂ ಬರೆಯಬೇಕು. ಆ ತಿಂಗಳ ಕೊನೆಗೆ ತಂದೆಯ ಶ್ರಾದ್ಧವಿತ್ತು. “ಈ ಸರ್ತಿ ನಾನೇ ಮಾಡ್ತೇನೆ, ನಾಲ್ಕು ಜನಕ್ಕೆ ಹೊರಗಿಂದ ಯಾಕೆ?” ಎಂದಳು ಶಾರದೆ, ನನ್ನ ಮುಖ ನೋಡದೆ. ಹನ್ನೆರಡು ವರ್ಷವೂ ನಾಲ್ಕೇ ಜನರಿದ್ದರು. ನಾನು ಹೂಂ ಅಂದೆ. ಆ ಹೂಂಗೆ ಯಾವ ಮೇಲಿನವರೂ ಪ್ರಶಸ್ತಿಪತ್ರ ಕಳಿಸಲಿಲ್ಲ.

ಬಾಬು ಆ ದಿನಗಳಲ್ಲಿ ಹೊಸದೊಂದು ಪದ್ಧತಿ ಹಿಡಿದರು. ರಶೀದಿಯಲ್ಲಿ ಪೂರ್ತಿ ಹೆಸರು ಅಚ್ಚು ಹಾಕಿಸಿದರು. ಯಾರಾದರೂ ಫೋನು ಮಾಡಿ ಭಟ್ರಾ ಎಂದು ಕೇಳಿದರೆ, “ರಾಂಗ್ ನಂಬರ್” ಎಂದು ಇಡುತ್ತಿದ್ದರು. ಸಿಟ್ಟಿನಿಂದಲ್ಲ; ಅಂಚೆಯವರು ತಪ್ಪು ವಿಳಾಸದ ಕಾಗದವನ್ನು ಹಿಂದೆ ಕೊಡುವಂತೆ.

ಉಪನಯನಕ್ಕೆ ಹತ್ತು ದಿನ ಇರುವಾಗ ರಾಯರು ನಮ್ಮ ಮನೆಗೆ ಬಂದರು. ಮುಖ ಇಳಿದಿತ್ತು. ಇಬ್ಬರು ಬೇರೆ ಅಡುಗೆಯವರ ಸಾರು ರುಚಿ ನೋಡಿ ಬಂದಿದ್ದರು. ಒಬ್ಬರದ್ದರಲ್ಲಿ ಬೆಳ್ಳುಳ್ಳಿ, ಇನ್ನೊಬ್ಬರದ್ದರಲ್ಲಿ ಬೆಲ್ಲದ ಹೊರತು ಏನೂ ಇರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಮೊಬೈಲಿನಲ್ಲಿತ್ತು. ಅವರ ವಂದನಾರ್ಪಣೆಯ ವಿಡಿಯೋ ಊರಿಗೂ ತಲುಪಿ, ಅಳಿಯನ ಆಫೀಸಿಗೂ ತಲುಪಿ, ಕಂಡವರೆಲ್ಲ ಅಭಿನಂದಿಸುತ್ತಿದ್ದರು. ಕ್ಲಬ್ಬಿನ ಚುನಾವಣೆ ಎದುರಿಗಿತ್ತು. ಎಲೆಯ ಪಕ್ಕ ಎಲೆ ಎಂದ ಮನುಷ್ಯ ಈಗ ಬೇರೆ ಅಡುಗೆಯವರನ್ನು ಕರೆಸುವುದು ಹೇಗೆ?

“ನೀವೇ ಫೋನು ಮಾಡಿ ಕೊಡಿ ಮಾರಾಯ್ರೇ,” ಎಂದರು. “ನಿಮ್ಮಿಂದ್ಲೇ ಸುರುವಾದದ್ದು ಇದು.”

ನಂಬರು ಹಚ್ಚಿ ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟೆ.

“ಹಲೋ, ಭಟ್ರೇ...”

“ರಾಂಗ್ ನಂಬರ್.”

ರಾಯರು ನನ್ನನ್ನು ನೋಡಿದರು. ಈ ಸಲ ನೋಡಲು ಬ್ಯಾನರ್ ಇರಲಿಲ್ಲ. ಪುನಃ ಹಚ್ಚಿದೆ. ರಾಯರು ಗಂಟಲು ಸರಿ ಮಾಡಿಕೊಂಡು, ಹೊಸ ಭಾಷೆಯ ಮೊದಲ ಪಾಠ ಒಪ್ಪಿಸುವವರಂತೆ, “ಬಾಬು... ತನಿಯರಾ?” ಎಂದರು.

“ಹೌದು. ಹೇಳಿ ರಾಯರೇ.”

“ಉಪನಯನದ್ದು. ಮೊದಲು ಮಾತಾಡಿದ ಹಾಗೇ. ಇನ್ನೂರು ಎಲೆ.”

“ಇನ್ನೂರ ಒಂದು ಮಾಡಿ. ಈ ಸಲ ನಾನೂ ಊಟಕ್ಕೆ ಕೂತ್ಕೊಳ್ಳುವುದುಂಟು.”

ರಾಯರು ಸ್ಪೀಕರ್ ಆರಿಸುವ ಗುಂಡಿಗಾಗಿ ಹುಡುಕಿದರು, ಸಿಗಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ, “ಕೊನೇ ಪಂಕ್ತಿಯಲ್ಲಿ ಆದೀತಾ?” ಎಂದರು.

“ಆದೀತು. ಆದ್ರೆ ಪಾಯಸ ನನ್ನೊಟ್ಟಿಗೇ ಬರುವುದು.”

ಚಹಾ ತಂದ ಶಾರದೆ ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಯರಿಗೂ ತಡೆಯಲಾಗಲಿಲ್ಲ, ಸೋತ ಮನುಷ್ಯನ ನಗು ಒಂದು ಹೊರಗೆ ಬಂತು. “ಮೊದಲ ಪಂಕ್ತಿಗೇ ಬನ್ನಿ ಮಾರಾಯ್ರೇ,” ಎಂದರು.

ಫೆಬ್ರವರಿಯ ಆ ಮಧ್ಯಾಹ್ನ ಬಂದವರು ನೂರೈವತ್ತರ ಮೇಲೆ ಇರಲಿಕ್ಕಿಲ್ಲ. ಬಾರದವರಿಗೆಲ್ಲ ಕಾರಣಗಳಿದ್ದವು. ಹಾಲಿನ ನೆಲದ ಮೇಲೆ ಎಲೆಗಳ ಸಾಲು ಹಾಸಿತ್ತು. ಅಡುಗೆ ಮುಗಿಸಿದ ಬಾಬು ಕೈಕಾಲು ತೊಳೆದು, ಬೇರೆ ಮುಂಡು ಉಟ್ಟು, ಮೊದಲ ಪಂಕ್ತಿಯ ನಡುವಿನ ಎಲೆಗೆ ಬಂದು ಕೂತರು. ಅವರ ಬಲಗಡೆ ಸಲ್ದಾನ ಕೂತರು, ಮಂಡಿನೋವಿಗೆ ಶಪಿಸುತ್ತ. ಎಡಗಡೆಯ ಎಲೆ ಖಾಲಿ ಉಳಿಯಿತು. ಬಂದವರು ಆ ಎಲೆಯ ತನಕ ಬರುತ್ತಿದ್ದರು, ಯಾರನ್ನೋ ಹುಡುಕುವವರಂತೆ ಆಚೀಚೆ ನೋಡಿ ಮುಂದೆ ಹೋಗುತ್ತಿದ್ದರು. ನಾನು ಸೊಂಟಕ್ಕೆ ಟವೆಲು ಬಿಗಿದು ಉಪ್ಪಿನಕಾಯಿಯ ಪಾತ್ರೆ ಹಿಡಿದಿದ್ದೆ. ಬಡಿಸುವವನಿಗೆ ಕೂರುವ ಪ್ರಶ್ನೆ ಇಲ್ಲ. ಆ ಪಾತ್ರೆಯನ್ನು ಬೆಳಿಗ್ಗೆ ನಾನಾಗಿಯೇ ಕೇಳಿ ಪಡೆದುಕೊಂಡಿದ್ದೆ.

ಬಾಬುವಿನ ಎಲೆಯ ತುದಿಗೆ ಉಪ್ಪಿನಕಾಯಿ ಹಾಕುವಾಗ ಅವರು ತಲೆಯೆತ್ತಿದರು.

“ಸೆಕ್ರೆಟರಿಯವ್ರೇ, ಅದನ್ನು ಬೇರೆಯವ್ರು ಹಾಕ್ತಾರೆ. ಎಲೆ ಒಣಗ್ತಾ ಉಂಟು.”

ಪಾತ್ರೆ ಕೆಳಗಿಟ್ಟು ಅವರ ಎಡಗಡೆಯ ಎಲೆಗೆ ಕೂತೆ. ರಾಯರು ತಾವೇ ಅನ್ನ ಬಡಿಸುತ್ತ ಬಂದರು. ಬಾಬುವಿನ ಎಲೆಗೆ ಹಾಕುವಾಗ ಸೌಟನ್ನು ಸ್ವಲ್ಪ ಎತ್ತರದಲ್ಲಿ ಹಿಡಿದರು, ಆಮೇಲೆ ಇಳಿಸಿದರು. ಬಾಬು ಸಾವಕಾಶವಾಗಿ, ಬೇರೆಯವರು ಮಾಡಿದ ಅಡುಗೆಯನ್ನು ಪರೀಕ್ಷಿಸುವವರಂತೆ ಉಂಡರು. ಸಾಂಬಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾಗಿದೆ ಎಂದು ಸಲ್ದಾನರಿಗೆ ಹೇಳಿದರು. ಪಾಯಸ ಎರಡು ಸಲ ಹಾಕಿಸಿಕೊಂಡರು. ನನಗೆ ಅವತ್ತಿನ ಸಾಂಬಾರು ಹೇಗಿತ್ತೆಂದು ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ. ಊಟ ಮುಗಿಯುವ ತನಕ ನಾನು ತಲೆಯೆತ್ತಿ ನೋಡುತ್ತಿದ್ದುದು, ಯಾರು ಯಾರು ನನ್ನನ್ನು ನೋಡುತ್ತಿದ್ದಾರೆ ಎಂದು.